ಮೊಣಕೈಯಿಂದ ಬೆರಳಿನವರೆಗೆ

ಈ ಬೆಳಿಗ್ಗೆ ಮೆಲ್ಬರ್ನ್‌ನಿಂದ ಒಂದು ಪಾರ್ಸೆಲ್ ಬಂತು. ಸಿಡ್ನಿಯ ಎಪ್ಪಿಂಗ್‌ನ ನನ್ನ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ, ಅಡುಗೆಕಟ್ಟೆಯ ಮೇಲೆ ಅದನ್ನು ಬಿಚ್ಚಿದಾಗ ಮೊದಲು ಹೊರಬಂದದ್ದು ಬ್ಲೌಸ್ ಅಲ್ಲ, ವಾಸನೆ. ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ತೆಳುವಾದ ವಾಸನೆ. ಶಾಲಿನಿ ಆಂಟಿ ಹೊಲಿದ ಬಟ್ಟೆಗಳಿಗೆಲ್ಲ ಅದು ಇರುತ್ತದೆ, ಎರಡು ಸಲ ಒಗೆದರೆ ಹೋಗುತ್ತದೆ. ನಿಮಗೆ ಅದು ಅಮ್ಮನನ್ನೋ ಬೀದಿಯ ದರ್ಜಿಯನ್ನೋ ನೆನಪಿಸಬಹುದು. ನನ್ನ ಕೈ ಮಾತ್ರ ತಾನಾಗಿ ಬಲಹುಬ್ಬಿನ ಮೇಲೆ ಹೋಯಿತು.

ಅಲ್ಲಿ ಉಗುರಿನ ತುದಿಯಷ್ಟು ದೊಡ್ಡ ಒಂದು ಬಾಗಿದ ಗಾಯದ ಗುರುತಿದೆ. ಇಲ್ಲಿ ನಾರ್ವೆಸ್ಟ್‌ನ ನನ್ನ ಆಫೀಸಿನಲ್ಲಿ ಕೇಳಿದವರಿಗೆ ಕಪಾಟಿನ ಬಾಗಿಲು ಬಡಿಯಿತು ಎಂದಿದ್ದೇನೆ. ಅಮ್ಮನಿಗೂ ಅದೇ ಕಪಾಟು. ನಿಮಗೆ ನಿಜ ಹೇಳಬಹುದು: ಅದು ನನ್ನ ಮೊದಲ ರೈಫಲ್ಲಿನ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಹೊಡೆದ ಗಾಯ.

ಮೂರು ವರ್ಷದ ಹಿಂದೆ ನಾನು ಮೆಲ್ಬರ್ನ್‌ನಲ್ಲಿ ಓದುತ್ತಿದ್ದೆ. ಕಾಡಿನ ಎಳೆಗಿಡಗಳನ್ನು ಕಡವೆಗಳು ತಿಂದು ಮುಗಿಸುವುದರ ಬಗ್ಗೆ ನನ್ನ ಅಧ್ಯಯನ. ಹೌದು, ನಮ್ಮ ಬಂಡೀಪುರದ ಕಡವೆಯೇ. ಹಿಂದೆ ಹಡಗಿನಲ್ಲಿ ತಂದು ಬಿಟ್ಟದ್ದು ಇಲ್ಲಿನ ಬೆಟ್ಟಗಳಲ್ಲಿ ಲೆಕ್ಕವಿಲ್ಲದಷ್ಟು ಬೆಳೆದಿದೆ. ವರದಿಯ ಕೊನೆಯಲ್ಲಿ ‘ಸಂಖ್ಯೆಯನ್ನು ತಗ್ಗಿಸಬೇಕು’ ಎಂದು ಬರೆದೆ. ಬರೆದ ಮೇಲೆ ಆ ವಾಕ್ಯ ನನ್ನನ್ನು ಬಿಡಲಿಲ್ಲ. ತಗ್ಗಿಸುವುದೆಂದರೆ ಯಾರೋ ಒಬ್ಬರು ಟ್ರಿಗರ್ ಎಳೆಯುವುದು. ನನ್ನ ಕೈಯಲ್ಲಿ ಆಗದ್ದನ್ನು ಬೇರೆಯವರು ಮಾಡಲಿ ಎಂದು ಬರೆಯುವುದು ಸರಿಯೆನಿಸಲಿಲ್ಲ. ನನಗೆ ನಾನೇ ಒಂದು ಷರತ್ತು ಹಾಕಿಕೊಂಡೆ: ಒಂದೇ ಗುಂಡು, ಪ್ರಾಣಿ ಅಲ್ಲೇ ಬೀಳಬೇಕು. ಗಾಯಗೊಂಡ ಕಡವೆಯೊಂದು ಪೊದೆಯೊಳಗೆ ನರಳುತ್ತ ಹೋಗುವಂತೆ ಮಾಡುವವಳು ನಾನಾಗಬಾರದು.

ನಾನು ಬಾಡಿಗೆಗಿದ್ದದ್ದು ವಸಂತ ಅಂಕಲ್ ಮತ್ತು ಶಾಲಿನಿ ಆಂಟಿಯ ಮನೆಯ ಹಿಂದಿನ ಕೋಣೆಯಲ್ಲಿ. ಕಾರ್ಕಳದ ಕಡೆಯವರು, ತಮ್ಮೊಳಗೆ ತುಳು, ನನ್ನೊಡನೆ ಕನ್ನಡ. ಅಂಕಲ್ ಗ್ಯಾರೇಜ್ ನಡೆಸುತ್ತಾರೆ, ಆರಡಿ ಎತ್ತರ, ರಜೆ ಸಿಕ್ಕರೆ ಬೇಟೆ. ಆಂಟಿ ಆ ಸಬರ್ಬಿನ ನಮ್ಮ ಹೆಂಗಸರಿಗೆಲ್ಲ ಬ್ಲೌಸ್ ಹೊಲಿಯುತ್ತಾರೆ.

ನಾನು ಐದಡಿಗೆ ಒಂದು ಇಂಚು ಕಡಿಮೆ. ಮೈಸೂರಿನಲ್ಲಿ ನನ್ನ ಸ್ಕೂಲ್ ಯೂನಿಫಾರಂ ಅನ್ನು ‘ಬೆಳೆಯೋ ಹುಡುಗಿ’ ಎಂದು ಎರಡಿಂಚು ಒಳಮಡಿಕೆ ಇಟ್ಟೇ ಹೊಲಿಸುತ್ತಿದ್ದರು. ಆ ಮಡಿಕೆ ಬಿಚ್ಚುವ ದಿನ ಬರಲೇ ಇಲ್ಲ. ದೊಡ್ಡ ಅಳತೆಯ ವಸ್ತುಗಳೊಳಗೆ ಸದ್ದಿಲ್ಲದೆ ಹೊಂದಿಕೊಂಡಿರುವುದು ನನಗೆ ರೂಢಿಯಾಯಿತು.

ಲೈಸೆನ್ಸ್ ಬಂದ ಮೇಲೆ ಅಂಕಲ್ ಜೊತೆ ಬಂದೂಕಿನ ಅಂಗಡಿಗೆ ಹೋದೆ. ಮಾಲೀಕ ನನ್ನ ತೋಳನ್ನು ಒಮ್ಮೆ ನೋಡಿ ಗಿಡ್ಡ ಸ್ಟಾಕಿನ ರೈಫಲ್ಲೊಂದನ್ನು ಮೇಜಿನ ಮೇಲಿಟ್ಟ. ಸ್ಟಾಕ್ ಎಂದರೆ ಭುಜಕ್ಕೆ ಒತ್ತಿಕೊಳ್ಳುವ ಹಿಂಬದಿಯ ಭಾಗ. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ‘ಯೂತ್’ ಎಂದಿತ್ತು. ಇಪ್ಪತ್ತೇಳನೆಯ ವಯಸ್ಸಿನಲ್ಲೂ ಮಕ್ಕಳ ವಿಭಾಗದಲ್ಲಿ ಶೂ ಹುಡುಕುವವಳಿಗೆ ಅದು ಬೇಡವೆನ್ನಲು ಆ ಒಂದು ಪದ ಸಾಕಾಯಿತು.

“ಅದು ಮಕ್ಕಳದ್ದು ಮಾರಾಯ್ತಿ,” ಎಂದು ಅಂಕಲ್ ನಕ್ಕರು. “ಕಡವೆ ಅಂದ್ರೆ ಎಮ್ಮೆಯಷ್ಟು ಉಂಟು. ನನ್ನ ಮಾಡೆಲ್ಲೇ ತಗೊ. ಸ್ವಲ್ಪ ದಿನಕ್ಕೆ ಅಡ್ಜಸ್ಟ್ ಆಗ್ತದೆ.”

“ಆಗತ್ತೆ ಅಂಕಲ್,” ಎಂದೆ.

ದರ್ಜಿಗೆ ಅಳತೆ ಬ್ಲೌಸ್ ಕೊಟ್ಟು ಬರುವ ನಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ. ನಾನು ಬೇರೆಯವರ ಬ್ಲೌಸನ್ನು ಅಳತೆಗೆ ಕೊಟ್ಟೆ, ಅಷ್ಟೆ. ಸ್ಕೋಪ್ ಕೂಡ ಅಂಕಲ್ ಬಳಸುವಂಥದ್ದೇ, ಉದ್ದದ್ದು, ಭಾರದ್ದು. “ಇದ್ರಲ್ಲಿ ಕಡವೆಯ ಕಿವಿಕೂದಲು ಎಣಿಸ್ಬಹುದು” ಎಂದರು. ಎಣಿಸಿ ಏನು ಮಾಡುವುದೆಂದು ನಾನು ಕೇಳಲಿಲ್ಲ.

ಗುರಿ ಅಭ್ಯಾಸಕ್ಕೆಂದು ಮೊದಲ ಸಲ ಶೂಟಿಂಗ್ ರೇಂಜಿಗೆ ಹೋದ ದಿನ ಸ್ಟಾಕ್ ನನ್ನ ಕಂಕುಳಿನಾಚೆಗೆ ಚಾಚಿಕೊಂಡಿತ್ತು. ಸ್ಕೋಪ್ ಇದ್ದದ್ದು ಅಂಕಲ್ ಕುತ್ತಿಗೆಯ ಅಳತೆಗೆ ಸರಿಯಾಗಿ. ಅದರೊಳಗಿನ ದೃಶ್ಯ ಪೂರ್ತಿ ಕಾಣಬೇಕಾದರೆ ನಾನು ಆಮೆಯ ಹಾಗೆ ಕತ್ತು ಮುಂದೆ ಚಾಚಬೇಕು. ಚಾಚಿದರೆ ಭುಜದ ಹಿಡಿತ ಸಡಿಲ. ಮೂರನೆಯ ಗುಂಡಿಗೆ ರೈಫಲ್ ಹಿಂದಕ್ಕೆ ಒದೆಯಿತು. ಏನೋ ಬೆಚ್ಚಗೆ ಕಣ್ಣಿನೊಳಗೆ ಇಳಿಯಿತು.

“ಅಯ್ಯೋ ದೇವರೇ, ರಕ್ತ! ಎಂತ ಆಯ್ತು?”

“ಏನಿಲ್ಲ ಅಂಕಲ್.”

ಗಾಯ ಹತ್ತು ದಿನದಲ್ಲಿ ಮಾಯಿತು. ಬೇರೊಂದು ಉಳಿಯಿತು. ಟ್ರಿಗರ್ ಮುಟ್ಟಿದ ಕೂಡಲೇ, ಗುಂಡು ಹಾರುವುದಕ್ಕೆ ಒಂದು ಕ್ಷಣ ಮುಂಚೆ, ನನ್ನ ಕಣ್ಣು ಮುಚ್ಚತೊಡಗಿತು. ಎಷ್ಟು ಗಟ್ಟಿ ಮನಸ್ಸು ಮಾಡಿದರೂ ಮುಚ್ಚುತ್ತಿತ್ತು. ಗುಂಡುಗಳು ಕಾಗದದ ಗುರಿಯ ಕೆಳಗೆಲ್ಲೋ ಹೋಗುತ್ತಿದ್ದವು. “ಗಾಳಿ ಇರ್ಬೇಕು” ಎನ್ನುತ್ತಿದ್ದರು ಅಂಕಲ್. ಗಾಳಿಯಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಹೇಳಲಿಲ್ಲ. ಯಾವತ್ತೋ ಒಂದು ದಿನ ಗುರಿಯ ನಡುವೆ ಎರಡು ತೂತು ಬಿದ್ದವು. ಅದನ್ನೇ ನೆಚ್ಚಿ ಅಂಕಲ್, “ಈ ಶನಿವಾರ ಹೋಗುವ” ಎಂದರು. ನಾನು ತಲೆಯಾಡಿಸಿದೆ.

ಕಣಿವೆಯಲ್ಲಿ ಬೆಳಗಿನ ಮಂಜು ಕರಗುತ್ತಿತ್ತು. ಎರಡು ಗಂಟೆ ಒದ್ದೆ ಜರೀಗಿಡಗಳ ನಡುವೆ ನಡೆದ ಮೇಲೆ ಅಂಕಲ್ ನನ್ನ ತೋಳು ಹಿಡಿದು ನಿಲ್ಲಿಸಿದರು. ತೊರೆಯ ಆಚೆ ದಡದಲ್ಲಿ ಒಂದು ಹೆಣ್ಣು ಕಡವೆ. ಕತ್ತೆತ್ತಿ, ಪಕ್ಕೆ ನಮ್ಮ ಕಡೆ ಮಾಡಿ ನಿಂತಿತ್ತು.

“ನಿಧಾನ. ಗಡಿಬಿಡಿ ಇಲ್ಲ,” ಅವರು ಉಸಿರಿನಲ್ಲೇ ಹೇಳಿದರು.

ಬಿದ್ದ ಮರದ ಮೇಲೆ ರೈಫಲ್ ಊರಿ ಸ್ಕೋಪಿನೊಳಗೆ ನೋಡಿದೆ. ಅರ್ಧ ಕಡವೆ, ಅರ್ಧ ಕತ್ತಲೆ. ಹುಬ್ಬು ಹೆದರಿ ಹಿಂದಕ್ಕೆ ಸರಿದಿತ್ತು. ಕತ್ತು ಚಾಚಿದೆ, ಕಪ್ಪು ಅಂಚು ಜಾರಿ ಭುಜ ಕಾಣಿಸಿತು, ಭುಜದ ಹಿಂದೆ ನಾನು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದ ಅಂಗೈಯಗಲದ ಜಾಗ. ಕಿವಿ ಅಲ್ಲಾಡಿತು. ಕಿವಿಕೂದಲು ನಿಜವಾಗಿಯೂ ಎಣಿಸಬಹುದಿತ್ತು.

“ಈಗ,” ಎಂದರು ಅಂಕಲ್.

ಬೆರಳು ಟ್ರಿಗರ್ ಮೇಲಿತ್ತು. ರೆಪ್ಪೆ ಆಗಲೇ ನಡುಗುತ್ತಿತ್ತು. ಕಣ್ಣು ಮುಚ್ಚಿದರೆ ಈ ಗುಂಡು ಎಲ್ಲಿಗೆ ಹೋಗುತ್ತದೆಂದು ನನಗೆ ಖಚಿತವಾಗಿ ಗೊತ್ತಿತ್ತು: ಕೆಳಗೆ, ಕಾಲಿಗೆ, ಇಲ್ಲವೇ ಹೊಟ್ಟೆಗೆ. ಅಂಕಲ್‌ಗೆ ನಾಚಿಕೆಯಾಗದಿರಲಿ ಎಂದು, ನನಗೆ ನಾಚಿಕೆಯಾಗದಿರಲಿ ಎಂದು, ಆ ಪ್ರಾಣಿ ಮೂರು ಕಾಲಿನಲ್ಲಿ ಬೆಟ್ಟ ಹತ್ತಬೇಕು.

ಬೆರಳು ತೆಗೆದೆ. “ಆಗಲ್ಲ ಅಂಕಲ್,” ಎಂದೆ, ಮಾಮೂಲಿ ದನಿಯಲ್ಲಿ, ಜೋರಾಗಿಯೇ.

ಕಡವೆ ಒಮ್ಮೆ ಗಟ್ಟಿಯಾಗಿ ಕೂಗಿ ಪೊದೆಗೆ ನುಗ್ಗಿತು. ಕಲ್ಲು ಉರುಳಿದ ಸದ್ದು ಬಹಳ ಹೊತ್ತು ಕೇಳಿಸಿತು.

“ನಂಗೆ ಕಣ್ಣು ಮುಚ್ಚೋಗತ್ತೆ. ಅವತ್ತಿಂದಾನೂ.”

ಅವರು ರೈಫಲ್ ತೆಗೆದುಕೊಂಡು ಒಳಗಿನ ಗುಂಡು ಹೊರತೆಗೆದರು. ಕಾರಿನ ಹತ್ತಿರ ಬಂದ ಮೇಲೆ, “ಮೊದ್ಲೇ ಹೇಳ್ಬಾರ್ದಾ ಮಗಾ?” ಎಂದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಬೈದದ್ದು ಆಂಟಿ. “ಬ್ಲೌಸಿನ ತೋಳು ಕಾಲಿಂಚು ಸಡಿಲ ಆದ್ರೆ ವಾಪಸ್ ತರ್ತಿ. ಕೋವಿಗೆ ಮಾತ್ರ ಇವರ ಅಳತೆಯಾ? ಇವರಿಗಾದ್ರೂ ಬುದ್ಧಿ ಬೇಡ್ವಾ, ಒಂಟೆ ಹಾಗೆ ಇದ್ದಾರೆ!” ಅಂಕಲ್ ಚಹಾದ ಲೋಟದೊಳಗೆ ನೋಡುತ್ತ ಕುಳಿತರು. ಆಂಟಿ ಕೊರಳಿನಿಂದ ಟೇಪು ತೆಗೆದರು. “ಕೈ ಮಡಚು. ಉಸಿರು ಯಾಕೆ ಬಿಗಿ ಹಿಡೀತಿ, ಸೊಂಟ ಅಳೀತಾ ಇಲ್ಲ.” ಮೊಣಕೈಯ ಒಳಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಟೇಪು ಹಿಡಿದರು. ತಮ್ಮ ನೋಟುಬುಕ್ಕಿನಲ್ಲಿ ನನ್ನ ಎದೆ, ಸೊಂಟ, ತೋಳುಗಳ ಕೆಳಗೆ ಬರೆದುಕೊಂಡರು: ಕೋವಿ, ಹನ್ನೆರಡೂಕಾಲು.

ಮಾರನೆಯ ವಾರ ಅದೇ ಅಂಗಡಿಯಲ್ಲಿ ಆ ರೈಫಲ್ ಮರಳಿಸಿ ‘ಯೂತ್’ ಚೀಟಿಯದನ್ನೇ ಕೇಳಿದೆ. ಒದೆತ ಕಡಿಮೆ, ಆದರೂ ಕಡವೆಗೆ ಕಾನೂನು ಕೇಳುವಷ್ಟು ದೊಡ್ಡ ಗುಂಡು. ಚಿಕ್ಕ, ಹಗುರ ಸ್ಕೋಪ್. ನಾನು ಕತ್ತು ನೆಟ್ಟಗಿಟ್ಟು, ಕಣ್ಣು ಮುಚ್ಚಿ ಭುಜಕ್ಕೇರಿಸಿ, ತೆರೆದಾಗ ದೃಶ್ಯ ಪೂರ್ತಿ ಕಾಣುವವರೆಗೆ ಮಾಲೀಕ ಅದನ್ನು ಹಿಂದೆ ಮುಂದೆ ಸರಿಸಿದ. ನಾಲ್ಕು ಸಲ ‘ಇನ್ನೂ ಸ್ವಲ್ಪ’ ಎಂದೆ. ಹಾಗೆ ಹೇಳುವುದು ನನಗೆ ಹೊಸದು. ಆದರೆ ಕಣ್ಣಿನ ಹೆದರಿಕೆ ಅಂಗಡಿಯಲ್ಲಿ ಹೋಗುವಂಥದ್ದಲ್ಲ. ಅಷ್ಟರಲ್ಲಿ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು. ಇಲ್ಲಿ ಕಾಗದಕ್ಕೆ ಮಾತ್ರ ಗುರಿಯಿಟ್ಟಿದ್ದೇನೆ. ಕಡವೆಯನ್ನು ಮತ್ತೆ ನೋಡಿಲ್ಲ.

ಬ್ಲೌಸಿನ ಮಡಿಕೆಯಲ್ಲಿ ಆಂಟಿಯ ಚೀಟಿ ಇತ್ತು: “ಹಳೇ ಅಳತೆಗೇ ಹೊಲಿದಿದ್ದೇನೆ. ದಪ್ಪ ಆಗಿದ್ರೆ ಹೇಳು. ಇವರು ಮುಂದಿನ ವಾರ ರಜೆ ಹಾಕಿದ್ದಾರೆ, ಅದೇ ಕಣಿವೆಗಂತೆ. ನಿನಗೆ ಮನಸ್ಸಿದ್ರೆ ಮಾತ್ರ.”

ಅದನ್ನು ಎರಡು ಸಲ ಓದಿದೆ. ಕಿಟಕಿಯ ಪರದೆ ಎಳೆದು, ಸೇಫ್ ತೆರೆದು ರೈಫಲ್ ತೆಗೆದೆ. ಒಳಗೆ ಗುಂಡಿಲ್ಲವೆಂದು ನೋಡಿದೆ. ಬೆರಳು ಹಾಕಿ ಮತ್ತೊಮ್ಮೆ ನೋಡಿದೆ. ಅದಕ್ಕೂ ಅದೇ ಎಣ್ಣೆಯ ವಾಸನೆ. ನೆಲದ ಮೇಲೆ ಮಲಗಿ, ಎದುರು ಗೋಡೆಯ ಬುಡದಲ್ಲಿದ್ದ ಚುಕ್ಕೆಯೊಂದಕ್ಕೆ ಗುರಿಯಿಟ್ಟೆ. ಸ್ಕೋಪಿನಲ್ಲಿ ಕಪ್ಪು ಅಂಚಿಲ್ಲ, ಪೂರ್ತಿ ದುಂಡು ಬೆಳಕು. ಉಸಿರು ಅರ್ಧ ಬಿಟ್ಟೆ. ಬೆರಳು ಒತ್ತಿದೆ.

ಟಿಕ್ ಎಂದಿತು. ಚುಕ್ಕೆ ಕಾಣುತ್ತಲೇ ಇತ್ತು.

ಇನ್ನೂ ಹತ್ತೊಂಬತ್ತು ಸಲ ಒತ್ತಿದೆ. ಚುಕ್ಕೆ ಒಮ್ಮೆಯೂ ಮರೆಯಾಗಲಿಲ್ಲ. ಆಮೇಲೆ ಫೋನ್ ತೆಗೆದು ಆಂಟಿಗೆ ಬರೆದೆ: ದಪ್ಪ ಆಗಿಲ್ಲ. ಬರ್ತೀನಿ.