ವಕೀಲಬಾಯಿಗೆ ಉಡಿ ತುಂಬಿದ ಬೆಳಗು

ಮರಾಠಿ ಸೀಮೆಯ ಘಣಸೋಲಿಯ ಕೂಲಿ ನಾಕಾದಲ್ಲಿ, ಆಳುಗಳು ಕೆಲಸಕ್ಕೆ ಕಾಯುವ ಚೌಕದಲ್ಲಿ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಲಿಕೆ, ಬುಟ್ಟಿ ಹಿಡಿದ ಕಲಬುರಗಿ, ರಾಯಚೂರು ಕಡೆಯ ಮಂದಿ, ಆಳುಗಳನ್ನು ಕರೆದೊಯ್ಯುವ ಮುಕಾದಮನ ಟೆಂಪೊ ಕಾಯುತ್ತ ನಿಂತಿದ್ದಾರೆ. ಚಹಾದಂಗಡಿಯ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ವಕೀಲೆ ರಮಿತಾ ಕೂತಿದ್ದಾರೆ. ಕೈಯಲ್ಲಿ ಅರ್ಧ ಲೋಟದ ಕಟಿಂಗ್ ಚಹಾ, ತೊಡೆಯ ಮೇಲೆ ಮಡಚಿದ ಕಪ್ಪು ಗೌನು. ಅವರ ಕಚೇರಿ ಇದೇ. ಕೋರ್ಟು ತೆರೆಯುವ ಹೊತ್ತಿಗೆ ಈ ಜನ ಯಾವುದೋ ಕಟ್ಟಡದ ಮೇಲಿರುತ್ತಾರೆ. ಸಂಜೆ ಮಾತಾಡಲು ಯಾರಲ್ಲೂ ತ್ರಾಣ ಇರುವುದಿಲ್ಲ. ಹಾಗಾಗಿ ಇಲ್ಲಿ ವಕೀಲರೇ ಕಕ್ಷಿದಾರರನ್ನು ಹುಡುಕಿಕೊಂಡು ಬರುತ್ತಾರೆ. ಫೀಸು ಅಂದರೆ ಕಕ್ಷಿದಾರರು ಕೊಡಿಸುವ ಆ ಚಹಾ. ಬೇಡವೆಂದರೆ ಯಾರೂ ಬಾಯಿ ಬಿಡುವುದಿಲ್ಲ.

ಇಂದು ಈ ಸ್ಟೂಲಿನ ಮೇಲೆ ಅವರ ಕೊನೆಯ ಬೆಳಗು.

ರಮಿತಾ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಉಡುಪಿ ಕಡೆಯವರು. ತಂದೆ ಭುಜಂಗ ಅವರು ಹೋಟೆಲೊಂದರ ದೋಸೆಗಲ್ಲಿನ ಮುಂದೆ ಆಯುಸ್ಸು ಸವೆಸಿದವರು. ಮನೆಯಲ್ಲಿ ತುಳು, ಕೋರ್ಟಿನಲ್ಲಿ ಮರಾಠಿ, ಇಲ್ಲಿ ಕನ್ನಡ. ಕೂಲಿಕಾರರ ಕೇಸುಗಳನ್ನು ಉಚಿತವಾಗಿ ನಡೆಸುವ ಟ್ರಸ್ಟೊಂದರ ಸಂಬಳದ ವಕೀಲರಾಗಿ ಅವರು ಹತ್ತಿರ ಹತ್ತಿರ ಹತ್ತು ವರ್ಷ ದುಡಿದಿದ್ದಾರೆ. ಆ ಸಂಬಳ ಬಂದಾಗ ಬಂತು, ಇಲ್ಲದಾಗ ಇಲ್ಲ. ಕಳೆದ ವರ್ಷ ತಮ್ಮ ಹಿತೇಶ್ ನೂಕುನುಗ್ಗಲಿನಲ್ಲಿ ಲೋಕಲ್ ರೈಲಿನಿಂದ ಬಿದ್ದು ಕಾಲು ಕಳೆದುಕೊಂಡ ಮೇಲೆ ಮನೆಯ ಭಾರವೆಲ್ಲ ಅವರ ಹೆಗಲಿಗೆ ಬಿತ್ತು. ಸಾನಪಾಡಾದ ದೊಡ್ಡ ಕಾನೂನು ಸಂಸ್ಥೆಯೊಂದು ಅಸೋಸಿಯೇಟ್ ಆಗಿ ಬಾ ಎಂದಿತು. ಒಪ್ಪಿಕೊಂಡರು.

"ಬೇರೆ ದಾರಿ ಇರ್ಲಿಲ್ಲ ಮಾರಾಯ್ರೆ. ಅವನಿಗೆ ಕೃತಕ ಕಾಲು ಹಾಕಿಸ್ಬೇಕು," ಎಂದು ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಅಷ್ಟರಲ್ಲಿ ಚಂದವ್ವ ಬರುತ್ತಾಳೆ. ಅವಳ ಗಂಡ ಹುಲಗಪ್ಪ ಮಹಾಪೆಯ ಕಟ್ಟಡವೊಂದರ ಸಾರುವೆಯಿಂದ ಬಿದ್ದು ಸತ್ತ. ಅವನು ನಮ್ಮ ಆಳೇ ಅಲ್ಲ ಎಂದು ಗುತ್ತಿಗೆದಾರ ಕೈ ತೊಳೆದುಕೊಂಡ. ಅದೇ ಕಟ್ಟಡದಲ್ಲಿ ಇಟ್ಟಿಗೆ ಹೊತ್ತ ಚಂದವ್ವನೇ ಏಕೈಕ ಸಾಕ್ಷಿ. ಬರುವ ತಾರೀಖಿಗೆ ಅವಳು ಸಾಕ್ಷಿ ನುಡಿಯುವ ಸರದಿ. ಅವಳಿಗೆ ಕನ್ನಡ ಬಿಟ್ಟು ಇನ್ನೊಂದು ಭಾಷೆ ಬಾರದು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಇದೆ. ಈ ಹೆಂಗಸಿಗೆ ಗೆಲ್ಲುವುದೇ ಗಗನಕುಸುಮ.

ಇಂದು ಅವಳು ಬರಿಗೈಯಲ್ಲಿ ಬಂದಿಲ್ಲ. ಮಗಳಂಥ ವಕೀಲಬಾಯಿ ದೊಡ್ಡ ಮನೆಗೆ ಹೊರಟಿದ್ದಾಳೆ, ಉಡಿ ತುಂಬದೆ ಕಳಿಸುವುದುಂಟೆ? ಅಕ್ಕಿ, ತೆಂಗಿನಕಾಯಿ, ಅರಿಸಿನ ಕೊಂಬು, ಕುಪ್ಪಸದ ಖಣ ಎಲ್ಲ ತಂದಿದ್ದಾಳೆ. ವಿಧವೆ ತುಂಬಬಾರದೆಂದು ತಾನು ಹಿಂದೆ ನಿಂತು, ಜೊತೆಯ ಶರಣಬಸಮ್ಮನನ್ನು ಮುಂದೆ ಮಾಡುತ್ತಾಳೆ. ಚೂಡಿದಾರದ ರಮಿತಾಗೆ ಸೆರಗೆಲ್ಲಿ ಬಂತು? ಗಡಿಬಿಡಿಯಲ್ಲಿ ಗೌನಿನ ಮಡಿಕೆ ಬಿಚ್ಚಿ ಒಡ್ಡುತ್ತಾರೆ. ನಾಕಾ ತುಂಬ ನಗು. ಬೊಗಸೆ ಬೊಗಸೆ ಅಕ್ಕಿ ಬೀಳುತ್ತದೆ.

"ಇನ್ನ ನಮ್ ಕೇಸ್ ದೊಡ್ಡ ಆಫೀಸ್ನಾಗಿಂದ ಜೋರ್ ನಡೀತದ, ಹೌದಿಲ್ರಿ ವಕೀಲಬಾಯಿ?" ಎನ್ನುತ್ತಾಳೆ ಚಂದವ್ವ.

ವಕೀಲರು ಎಲ್ಲಿಗೆ ಹೋದರೂ ಕೇಸು ಬೆನ್ನಿಗೆ ಬರುತ್ತದೆ ಎಂದೇ ಈ ನಾಕಾದವರೆಲ್ಲ ನಂಬಿದ್ದಾರೆ. ರಮಿತಾ ಅಕ್ಕಿ ಹಿಡಿದೇ ತಲೆ ತಗ್ಗಿಸುತ್ತಾರೆ.

"ಇಲ್ಲ ಚಂದವ್ವ. ಕೇಸು ಟ್ರಸ್ಟಿನಲ್ಲೇ ಉಳೀತದೆ, ಬೇರೆ ವಕೀಲರು ಬರ್ತಾರೆ. ನಿನ್ನ ಗುತ್ತಿಗೆದಾರರ ಬೇರೆ ವ್ಯವಹಾರ ಎಲ್ಲ ನೋಡುವುದು ನಾನು ಹೋಗುವ ಆಫೀಸೇ. ಇನ್ನು ನಾನು ಅವರ ಎದುರು ನಿಲ್ಲುವ ಹಾಗಿಲ್ಲ."

"ಹಂಗಾರ ನೀವು ಅವರ ವಕೀಲರೇನ್ರಿ?"

"ನಿನ್ನ ಕೇಸಿಗೆ ಅಲ್ಲ. ಆದರೆ ಹೌದು. ಅವರ ಆಫೀಸಿನವಳೇ."

ಮುಕಾದಮನ ಟೆಂಪೊ ಬಂದು ನಿಂತರೂ ಯಾರೂ ಓಡುವುದಿಲ್ಲ. ಶರಣಬಸಮ್ಮ ಗೌನಿನತ್ತ ಕೈ ಚಾಚುತ್ತಾಳೆ, ಅಕ್ಕಿ ವಾಪಸ್ ತೆಗೆಯಲೋ ಎಂಬಂತೆ. ಚಂದವ್ವ ಅವಳ ಕೈ ಹಿಡಿಯುತ್ತಾಳೆ.

"ಬ್ಯಾಡ. ತುಂಬಿದ ಉಡಿ ತಿರುಗಿ ತಗೋಳಂಗಿಲ್ಲ," ಎಂದು ತಾನೇ ಗೌನಿನ ತುದಿಗಳನ್ನು ಗಂಟು ಹಾಕುತ್ತಾಳೆ. ವಿಧವೆ ಮುಟ್ಟಬಾರದೆಂಬುದು ಆ ಗಳಿಗೆ ಅವಳಿಗೆ ನೆನಪಿಲ್ಲ. "ನಿಮ್ ತಮ್ಮಗ ಕಾಲ್ ಬರ್ಲಿ. ಆದ್ರ ನನ್ ಮಾತು ಜಡ್ಜ್ ಸಾಹೇಬ್ರಿಗಿ ಯಾರ್ ಹೇಳ್ತಾರ್ರಿ?"

ಹೊಸ ವಕೀಲರಿಗೆ ಕನ್ನಡ ಬಾರದು. ಕೋರ್ಟಿನವರು ದುಭಾಷಿಯನ್ನು ಕೊಡುತ್ತಾರೆ ಎಂದು ರಮಿತಾ ಸಮಾಧಾನ ಹೇಳುತ್ತಾರೆ. ಆ ಸಮಾಧಾನ ಅವರಿಗೇ ಸಾಲದು. ಚಂದವ್ವ ಬುಟ್ಟಿ ಎತ್ತಿಕೊಂಡು ಟೆಂಪೊ ಹತ್ತುತ್ತಾಳೆ, ಹಿಂತಿರುಗಿ ನೋಡುವುದಿಲ್ಲ. ಬರೆಯಲು ಹೋದ ನನಗೂ ಅಲ್ಲಿ ನಿಲ್ಲುವುದು ಕಷ್ಟವಾಯಿತು. ತಪ್ಪು ಯಾರದೆಂದು ಕೇಳಿದರೆ ಬೆರಳು ತೋರಿಸಲು ಅಲ್ಲಿ ಒಬ್ಬರೂ ಇರಲಿಲ್ಲ.

ರೈಲಿನ ಹೊತ್ತಾಗಿದೆ. ಗಂಟು ಎದೆಗವಚಿಕೊಂಡು ಸ್ಟೇಷನ್ನಿನ ಕಡೆ ನಡೆಯುತ್ತಿರುವ ರಮಿತಾರನ್ನು, ಇನ್ನೇನು ಆಸೆ ಎಂದು ಕೇಳುತ್ತೇನೆ.

"ಕೇಸಿನ ಬಗ್ಗೆ ನಾನಿನ್ನು ಕೇಳುವ ಹಾಗಿಲ್ಲ, ಚಂದವ್ವ ಹೇಳುವ ಹಾಗೂ ಇಲ್ಲ," ಎನ್ನುತ್ತಾರೆ. "ಗೆದ್ದ ದಿನ ಒಂದು ಮಿಸ್ಡ್ ಕಾಲ್ ಕೊಟ್ರೆ ಸಾಕು. ನಾನು ಎತ್ತುವುದಿಲ್ಲ."