ಕಲ್ಲುಗಿಡಕ್ಕೆ ಹಾಕಿದ ನೀರು

ನಿನ್ನ ಆ ಗಿಡವನ್ನು ಕೊಳೆಸಿ ಕೊಂದವಳು ನಾನು, ಶಿಲ್ಪಾ. ನಿನ್ನ ಅತ್ತೆ. ನೀನಲ್ಲ.

ಅದನ್ನು ಗಿಡ ಅನ್ನುವುದಕ್ಕೂ ನನಗೆ ಆಗ ಸಿಟ್ಟು ಬರುತ್ತಿತ್ತು. ಹಿಡಿ ಮಣ್ಣಿನಲ್ಲಿ ಎರಡು ಹರಳುಕಲ್ಲು ಒತ್ತಿಟ್ಟ ಹಾಗೆ — ವಾಸನೆಯಿಲ್ಲ, ದೇವರಿಗೆ ಏರಿಸಲು ಒಂದು ಹೂವಿಲ್ಲ. ಲಿಥಾಪ್ಸ್ ಎಂಬ ಹೆಸರೋ, ನನ್ನ ನಾಲಿಗೆಗೆ ಹತ್ತಲೇ ಇಲ್ಲ. ಸಾಸಿವೆಗಿಂತ ಸಣ್ಣ ಬೀಜ ತರಿಸಿ ನೀನು ವರ್ಷಗಟ್ಟಲೆ ಬೆಳೆಸಿದ್ದೆ. ನವನಗರದ ನಮ್ಮ ಮಹಡಿ ಮನೆಯಲ್ಲಿ ಬಿಸಿಲು ಬೀಳುವ ಕಿಟಕಿ ಇರುವುದೇ ಒಂದು. ಅದೂ ಅದಕ್ಕೇ ಮೀಸಲು. ನಡುವೆ ಬಿರಿದು ಒಳಗಿನಿಂದ ಹೊಸ ಎಲೆ ಬರುವಾಗ ತೊಟ್ಟು ನೀರೂ ಬೀಳಬಾರದು ಎಂದು ನನ್ನನ್ನು ಕೂಡಿಸಿಕೊಂಡು ಹೇಳಿದ್ದೆ. ನೀರು ಹಾಕಿದರೆ ಸಾಯುವ ಗಿಡ — ಅದರ ಮೇಲೆ ನನಗೇ ಪಾಠ ಬೇರೆ — ಎಂದು ಒಳಗೊಳಗೇ ಉರಿದುಕೊಂಡೆ.

ಲಿಂಗಪೂಜೆಯ ನೀರನ್ನು ತುಳಿಯುವ ಜಾಗದಲ್ಲಿ ಚೆಲ್ಲಬಾರದು, ಗಿಡದ ಬುಡಕ್ಕೆ ಹಾಕಬೇಕು. ಬಿಲ್ವಪತ್ರೆಯ ಗಿಡ ಕೆಳಗೆ ಅಂಗಳದಲ್ಲಿತ್ತು. ಮೊಣಕಾಲು ನೋವಿತ್ತು ಅನ್ನಬಹುದು — ಬೇಡ, ಅದೇ ಮೊಣಕಾಲಿನಲ್ಲಿ ಹುಬ್ಬಳ್ಳಿಯ ಸೀರೆ ಅಂಗಡಿಗಳನ್ನೆಲ್ಲ ಹತ್ತಿಳಿದವಳು ನಾನು. ಇಳಿಯಲು ಬೇಸರ, ಅಷ್ಟೇ. ನೀನು ಆಫೀಸಿಗೆ ಹೋದ ಮೇಲೆ ದಿನಾ ಆ ಬಟ್ಟಲ ನೀರನ್ನು ನಿನ್ನ ಕುಂಡಕ್ಕೆ ಸುರಿದೆ. ದೇವರ ನೀರಿನಿಂದ ಏನಾದೀತು ಎಂದುಕೊಂಡೆ.

ಗಿಡ ಮೆತ್ತಗಾಗಿ ನಾರಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೀನು ಕಣ್ಣೀರು ಹಾಕಿದೆ. ತಪ್ಪು ನಿನ್ನದೇ ಎಂದು ನಂಬಿಬಿಟ್ಟೆ.

“ನನ್ನ ಕೈಗುಣಾನ ಛಲೋ ಇಲ್ರಿ, ಅತ್ತಿ.”

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ — ಏನು ಹೇಳಲು?

“ಹೋಗ್ಲಿ ಬಿಡವಾ. ಎಲ್ಲಾರ ಕೈಗೂ ಗಿಡ ಹತ್ತೂದಿಲ್ಲ.”

ಅಂದಿನಿಂದ ನೀನು ಮಣ್ಣು ಮುಟ್ಟಿಲ್ಲ. ಉಳಿದ ಕುಂಡಗಳನ್ನೂ ಅವರಿವರಿಗೆ ಕೊಟ್ಟುಬಿಟ್ಟೆ. ಬೆಂಗೇರಿಯಿಂದ ನಿಮ್ಮವ್ವ ಕಳಿಸಿದ ಮಲ್ಲಿಗೆ ಸಸಿಯನ್ನೂ ನನ್ನ ಕೈಯಿಂದಲೇ ನೆಡಿಸಿದೆ. ಅದೀಗ ಮೈತುಂಬ ಹೂ ಬಿಡುತ್ತದೆ. ಮನೆಗೆ ಬಂದವರೆಲ್ಲ ನನ್ನ ಕೈಗುಣ ಹೊಗಳುತ್ತಾರೆ. ನೀನು ಪಕ್ಕದಲ್ಲಿ ನಿಂತು ಹೌದೆನ್ನುತ್ತೀ. ಇಷ್ಟು ವರ್ಷ ಅದನ್ನು ಸುಮ್ಮನೆ ಹೇಗೆ ಕೇಳಿಸಿಕೊಂಡೆನೋ — ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಇದನ್ನು ಬರೆದು ನಿನ್ನ ಕೈಗಿಟ್ಟು ಜಾರಿಕೊಳ್ಳುವುದಿಲ್ಲ. ಸಂಜೆ ನೀನು ಬಂದ ಮೇಲೆ, ನಿನ್ನ ಗಂಡನ ಎದುರಿಗೇ, ಬಾಯಿಬಿಟ್ಟು ಹೇಳುತ್ತೇನೆ. ನೀನು ಏನೇ ಅಂದರೂ ಎದುರು ಮಾತಾಡುವುದಿಲ್ಲ. ಅದು ನನಗೆಷ್ಟು ಕಷ್ಟವೆಂದು ಈ ಮನೆಯಲ್ಲಿ ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ.