ಬಿಚ್ಚಿದ ಗಂಟು

ತಿಪ್ಪಯ್ಯನವರ ದಾರದ ಗಂಟು ಬಿಚ್ಚಿದವನು ನಾನು. ಬಿಚ್ಚಿ, ಬಾಯಿ ಮುಚ್ಚಿಕೊಂಡು ಕೂತವನೂ ನಾನೇ.

ತಿಪ್ಪಯ್ಯ ಮೊಳಕಾಲ್ಮೂರಿನ ನೇಕಾರರ ಮನೆಯವರು. ಕಾಲಾಳು ಡಿವಿಷನ್ನೊಂದರಲ್ಲಿ ಸಿಪಾಯಿಯಾಗಿ ಯುದ್ಧ ಕಂಡವರು. ಆ ಡಿವಿಷನ್ನಿನಲ್ಲಿ ಹೋರಾಡಿದ ನಮ್ಮ ಸೀಮೆಯವರ ಬಗ್ಗೆ ನಾನೊಂದು ಪುಸ್ತಕ ಬರೆಯುತ್ತಿದ್ದೆ. ಚರಿತ್ರೆಯಲ್ಲಿ ಎಂ.ಎ. ಮಾಡಿದವನು — ಬಾಯಿಮಾತನ್ನು ನಂಬಬಾರದೆಂದು ಕಲಿತಿದ್ದೆ.

ಡಿವಿಷನ್ನಿನ ಅಚ್ಚಾದ ಚರಿತ್ರೆಯ ಪ್ರಕಾರ, ಗುಡ್ಡದ ಮೇಲಿನ ಅವರ ಕಾವಲು ನೆಲೆ ಐದನೇ ದಿನ ತೆರವಾಯಿತು; ಅವರ ಜೊತೆಗಿದ್ದು ಹಿಂದಿರುಗದ ಬಿ.ಜಿ. ಕೆರೆಯ ಬೋರಣ್ಣ ‘ನೆಲೆ ಬಿಟ್ಟು ಓಡಿಹೋದವನು’. ತಿಪ್ಪಯ್ಯ ಒಪ್ಪಲಿಲ್ಲ.

“ಇಳೀರಿ ಅನ್ನೋ ಆರ್ಡರು ನಮಗೆ ಮುಟ್ಲೇ ಇಲ್ಲಪ್ಪಾ. ಏಳು ದಿನ ಇದ್ವಿ, ನಾನೂ ಬೋರನೂ. ಏಳನೇ ದಿನ ನನ್ ತೊಡೆ ಮ್ಯಾಲೇ ಪ್ರಾಣ ಬಿಟ್ಟ. ಇಳಿದು ಬಂದು ಹೇಳಿದ್ರೆ, ಸಾಹೇಬ್ರು ‘ಜ್ವರದಾಗೆ ದಿನ ಮರ್ತಿದೀಯಲೇ’ ಅಂದ್ರು.”

ಅವರ ಸಾಕ್ಷಿ ಒಂದು ರೇಷ್ಮೆ ದಾರ. ಅಪ್ಪನ ಮಗ್ಗದ್ದು, ರಟ್ಟೆಗೆ ಕಟ್ಟಿಕೊಂಡು ಹೋಗಿದ್ದು. ಗುಡ್ಡದ ಮೇಲೆ ಬೆಳಗಾದರೆ ಒಂದು ಗಂಟು — ಕಡಿದ ಎಳೆಗೆ ನೇಕಾರರು ಹಾಕುವಂಥ ಸಣ್ಣ, ಬಿಗಿ ಗಂಟು. ಒಟ್ಟು ಏಳು.

ಬಿ.ಜಿ. ಕೆರೆಯಲ್ಲಿ ಊರವರು ಯುದ್ಧದಲ್ಲಿ ಮಡಿದವರಿಗೆ ಸ್ಮಾರಕದ ಕಲ್ಲು ನಿಲ್ಲಿಸುವವರಿದ್ದರು. ಬೋರಣ್ಣನ ಹೆಸರು ಸೇರಿಸುವುದೋ ಬೇಡವೋ — ನನ್ನ ಪುಸ್ತಕ ನೋಡಿ ತೀರ್ಮಾನ ಎಂದಿದ್ದರು.

ದಾರವನ್ನು ಚಳ್ಳಕೆರೆಯ ನನ್ನ ಮನೆಗೆ ತಂದೆ. ಗಂಟುಗಳನ್ನು ಆಮೇಲೆ ಹಾಕಿದ್ದಿರಬಹುದಲ್ಲ? ಕೊನೆಯದನ್ನು ಪಿನ್ನಿನಿಂದ ಬಿಚ್ಚಿದೆ. ಮಾಸಿ ಮಣ್ಣಿನ ಬಣ್ಣಕ್ಕೆ ತಿರುಗಿದ್ದ ದಾರ, ಗಂಟಿನೊಳಗೆ ಮಾತ್ರ ಕುಂಕುಮದಷ್ಟು ಕೆಂಪು. ದಾರ ಹೊಸದಿದ್ದಾಗಲೇ ಬಿದ್ದ ಗಂಟು. ತಿಪ್ಪಯ್ಯ ನಿಜ ಹೇಳಿದ್ದರು. ನಂಬಲಾಗದೆ ಇನ್ನೊಂದನ್ನೂ... ಇಲ್ಲ, ಒಂದನ್ನೇ ಬಿಚ್ಚಿದ್ದೆಂದು ನನ್ನ ನೆನಪು. ಆದರೆ ಹಿಂದಿರುಗಿಸಿದ ದಾರದಲ್ಲಿ ಐದೇ ಇದ್ದವು.

ಕಣ್ಣು ಮಂಜಾಗಿದ್ದ ತಿಪ್ಪಯ್ಯ ಬೆರಳಿನಿಂದ ಎಣಿಸಿದರು. ಬೋರಣ್ಣನ ತಂಗಿ ಓಬವ್ವ ಎದುರಿಗೇ ಕೂತಿದ್ದರು. ತಿಪ್ಪಯ್ಯ ಮತ್ತೊಮ್ಮೆ ಎಣಿಸಿದರು.

“ಐದೇ ಐತಲ್ಲಪ್ಪಾ... ನನ್ ತಲೆನೇ ಕೆಟ್ಟೈತೇನೋ. ಪುಸ್ತಕದೋರೇ ಸರಿ ಇರ್ಬೇಕು.”

“ಹೂಂ” ಎಂದೆ. ಅದೊಂದೇ ಮಾತು. ಯಾಕೆ ಹಾಗಂದೆ ಎಂದು ವರ್ಷಗಟ್ಟಲೆ ಕಾರಣ ಹುಡುಕಿದ್ದೇನೆ — ಸಿಕ್ಕಿದ್ದೆಲ್ಲ ನೆಪ.

ಐದೇ ದಿನ ಎಂದು ಬರೆದ ನನ್ನ ಪುಸ್ತಕ ಬಂತು, ಕಲ್ಲು ನಿಂತಿತು. ಬೋರಣ್ಣನ ಹೆಸರಿಲ್ಲ. ತಿಪ್ಪಯ್ಯ ತೀರಿಕೊಳ್ಳುವ ಮುಂಚೆ ದಾರವನ್ನು ಓಬವ್ವನಿಗೆ ಕೊಟ್ಟರಂತೆ.

ಮೊನ್ನೆ ಓಬವ್ವನ ಮನೆಗೆ ಹೋಗಿ ದಾರ ನೋಡಿದೆ. ಐದು ಗಂಟುಗಳ ಆಚೆ ಕೆಂಪು ಕಲೆ. ಒಂದಲ್ಲ, ಎರಡು. ಊರವರೆಲ್ಲರ ನೆನಪನ್ನು ಅನುಮಾನಿಸಿದವನು, ನನ್ನದನ್ನು ಮಾತ್ರ...

ಎಲ್ಲ ಹೇಳಿದೆ. ಪುಸ್ತಕ ತಿದ್ದುತ್ತೇನೆ, ಕಲ್ಲಿನ ಮುಂದೆ ನಿಂತು ಊರವರಿಗೂ ಹೇಳುತ್ತೇನೆ ಎಂದೆ.

ಓಬವ್ವ ಬೈಯಲಿಲ್ಲ. ಕೆಂಪಾಗಿದ್ದ ಕಡೆ ಬೆರಳಾಡಿಸಿದರು.

“ನಮ್ಮಣ್ಣ ಓಡೋಗೋನಲ್ಲ ಅಂತ ನಂಗೊತ್ತಿತ್ತು ಬಿಡಪ್ಪಾ. ತಿಪ್ಪಯ್ಯಣ್ಣಂಗೆ ಒಂದ್ಮಾತು ಹೇಳ್ಬೇಕಿತ್ತು ನೀನು. ಸಾಯೋವರ್ಗೂ ಎಣಿಸ್ತಾನೇ ಇದ್ದ.”